ವಿಜ್ಞಾನ ಪ್ರಶ್ನೋತ್ತರ: ಕಕ್ಷೆಯಿಂದ ನೇರವಾಗಿ ರನ್‌ವೇಗೆ

ಸರಕು ಹೊತ್ತು ಕಕ್ಷೆಗೆ ಹೋಗಿ, ವಿಮಾನದಂತೆ ರನ್‌ವೇ ಮೇಲೆ ಇಳಿದು, ದುರಸ್ತಿ ಮಾಡಿಸಿಕೊಂಡು ಮತ್ತೆ ಹಾರುವಂತೆ ರೂಪಿಸಿರುವ ‘ಡ್ರೀಮ್ ಚೇಸರ್’ ಎಂಬ ಅಮೆರಿಕದ ಗಗನನೌಕೆ ತನ್ನ ಮೊದಲ ಹಾರಾಟಕ್ಕೆ ಸಿದ್ಧವಾಗುತ್ತಿರುವ ಬಗ್ಗೆ ಈ ಅಂಕಣದಲ್ಲಿ ಒಂದು ಚಿಕ್ಕ ಟಿಪ್ಪಣಿ ಬಂದಿತ್ತು. ಅದನ್ನು ಓದಿ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದ ಹಲವರು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಈ ನೌಕೆ ನಿಖರವಾಗಿ ಏನು, ಯಾರದು, ಈಗ ಯಾವ ಹಂತದಲ್ಲಿದೆ? ಸ್ಪೇಸ್ ಷಟಲ್ ಎಂದು ನಮ್ಮ ತಂದೆಯವರ ಕಾಲದಲ್ಲಿ ಹಾರುತ್ತಿದ್ದುದಕ್ಕೂ ಇದಕ್ಕೂ ಏನು ವ್ಯತ್ಯಾಸ?
– ಪದವಿ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಇದನ್ನು ಕಟ್ಟುತ್ತಿರುವುದು ಅಮೆರಿಕದ ಕೊಲರಾಡೊ ರಾಜ್ಯದ ಸಿಯೆರಾ ಸ್ಪೇಸ್ ಎಂಬ ಖಾಸಗಿ ಕಂಪನಿ. ಮೊದಲ ನೌಕೆಗೆ ‘ಟೆನಾಸಿಟಿ’ ಎಂದು ಹೆಸರಿಟ್ಟಿದ್ದಾರೆ. ಉದ್ದ ಸುಮಾರು 9 ಮೀಟರ್, ಅಂದರೆ ನಾಸಾದ ಹಳೆಯ ರೆಕ್ಕೆಯ ನೌಕೆಯಾದ ಷಟಲ್‌ನ ಕಾಲು ಭಾಗದಷ್ಟು. ಷಟಲ್‌ನಲ್ಲಿ ಗಗನಯಾತ್ರಿಗಳು ಇರಲೇಬೇಕಿತ್ತು. ಇದರಲ್ಲಿ ಯಾರೂ ಇರುವುದಿಲ್ಲ, ಏರುವುದರಿಂದ ಇಳಿಯುವವರೆಗೆ ಎಲ್ಲವೂ ಕಂಪ್ಯೂಟರಿನ ಕೆಲಸ. ಷಟಲ್ ತನ್ನ ಇಂಧನದ ಟ್ಯಾಂಕಿನ ಪಕ್ಕಕ್ಕೆ ಕಟ್ಟಿಕೊಂಡು ಮೇಲೇರುತ್ತಿತ್ತು. ಇದು ತನ್ನ ರೆಕ್ಕೆಗಳನ್ನು ಮಡಚಿಕೊಂಡು ವಲ್ಕನ್ ಎಂಬ ರಾಕೆಟ್ಟಿನ ಮೂತಿಯ ಕವಚದೊಳಗೆ ಕೂರುತ್ತದೆ ಮತ್ತು ಕಕ್ಷೆಗೆ ಸೇರಿದ ಮೇಲೆ ರೆಕ್ಕೆ ಬಿಚ್ಚುತ್ತದೆ. ಹಿಂಭಾಗಕ್ಕೆ ‘ಶೂಟಿಂಗ್ ಸ್ಟಾರ್’ ಎಂಬ ಸುಮಾರು 4.6 ಮೀಟರ್ ಉದ್ದದ ಸರಕಿನ ಕೋಣೆಯೊಂದನ್ನು ಜೋಡಿಸಿರುತ್ತಾರೆ. ಸೌರಫಲಕಗಳಿರುವುದು ಅದರ ಮೇಲೆ. ಎರಡೂ ಸೇರಿ 5,500 ಕಿಲೊವರೆಗೆ ಸರಕನ್ನು ಮೇಲಕ್ಕೆ ಒಯ್ಯುವಂತೆ ಲೆಕ್ಕ ಹಾಕಿದ್ದಾರೆ.

ಸಿದ್ಧತೆಯ ವಿಷಯಕ್ಕೆ ಬಂದರೆ, 2023ರ ಕೊನೆಗೆ ಟೆನಾಸಿಟಿಯನ್ನು ಒಹಾಯೊ ರಾಜ್ಯದಲ್ಲಿರುವ ನಾಸಾದ ನೀಲ್ ಆರ್ಮ್‌ಸ್ಟ್ರಾಂಗ್ ಪರೀಕ್ಷಾ ಕೇಂದ್ರಕ್ಕೆ ಸಾಗಿಸಿದರು. ಅಲ್ಲಿ ಉಡಾವಣೆಯ ವೇಳೆ ಆಗುವ ಕಂಪನವನ್ನೆಲ್ಲ ಮೇಜಿನ ಮೇಲೆಯೇ ಕೊಟ್ಟು ಅಲುಗಾಡಿಸಿ ನೋಡಿ, ಬಳಿಕ ನಿರ್ವಾತ ಕೋಣೆಯಲ್ಲಿಟ್ಟು ಬಾಹ್ಯಾಕಾಶದ ಬಿಸಿಲು-ನೆರಳಿನ ತಾಪಮಾನಗಳಿಗೆ ಒಡ್ಡಿದರು. 2024ರ ಮೇ ತಿಂಗಳಲ್ಲಿ ಅದು ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರಕ್ಕೆ ಬಂತು. ಅಲ್ಲಿ ಶಾಖ ತಡೆಯುವ ಬಿಲ್ಲೆಗಳ ಕೆಲಸ ಮುಂದುವರಿಯಿತು, ನೌಕೆಯೊಳಗಿನ ವಿದ್ಯುತ್ ಉಪಕರಣಗಳು ಒಂದಕ್ಕೊಂದು ಅಡ್ಡಿ ಮಾಡುತ್ತವೆಯೇ ಎಂಬ ಪರೀಕ್ಷೆಗಳು ನಡೆದವು, ಮತ್ತು ನೌಕೆಯನ್ನು ಟ್ರಕ್ಕಿಗೆ ಕಟ್ಟಿ ರನ್‌ವೇ ಮೇಲೆ ವೇಗವಾಗಿ ಎಳೆದು ಇಳಿಯುವ ಹೊತ್ತಿನ ಮಾರ್ಗದರ್ಶಕ ಸಾಧನಗಳನ್ನು ಒರೆಗೆ ಹಚ್ಚಿದರು. 2025ರ ಸೆಪ್ಟೆಂಬರ್‌ನಲ್ಲಿ ನಾಸಾ ಮತ್ತು ಕಂಪನಿ ಸರಕು ಸಾಗಣೆಯ ತಮ್ಮ ಒಪ್ಪಂದವನ್ನು ತಿದ್ದಿಕೊಂಡಿವೆ. ಅದರ ಪ್ರಕಾರ ಮೊದಲ ಹಾರಾಟದಲ್ಲಿ ಈ ನೌಕೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವುದಿಲ್ಲ. ಸ್ವತಂತ್ರವಾಗಿ ಕಕ್ಷೆಯಲ್ಲಿ ಸುತ್ತಿ ಇಳಿದು ತೋರಿಸಬೇಕು. ಆ ಹಾರಾಟಕ್ಕೆ 2026ರ ಕೊನೆಯ ಭಾಗವನ್ನು ಗುರುತಿಸಿದ್ದಾರೆ.

ಪ್ರಶ್ನೆ: ಮಾನ್ಯರೇ, ನಾನು ಲಾರಿ ವ್ಯವಹಾರದವನು. ಗಂಗಾವತಿಯಿಂದ ಅಕ್ಕಿ ಲೋಡು ಹೋದ ಗಾಡಿಗೆ ವಾಪಸು ಲೋಡು ಸಿಗದಿದ್ದರೆ ಆ ಟ್ರಿಪ್ಪಿನ ಲಾಭವೆಲ್ಲ ಡೀಸೆಲ್‌ಗೇ ಹೋಗುತ್ತದೆ. ಬಾಹ್ಯಾಕಾಶಕ್ಕೆ ಸರಕು ಒಯ್ಯಲು ಈಗಾಗಲೇ ಬೇರೆ ನೌಕೆಗಳಿವೆಯಂತೆ. ಹಾಗಿದ್ದ ಮೇಲೆ ರೆಕ್ಕೆ ಇರುವ ಇಂಥ ದುಬಾರಿ ಗಾಡಿ ಏಕೆ ಬೇಕು? ಮರುಬಳಕೆಯಿಂದ ನಿಜವಾಗಿಯೂ ಖರ್ಚು ಇಳಿಯುತ್ತದೆಯೇ?
– ಲಾರಿ ಮಾಲೀಕರು, ಗಂಗಾವತಿ

ಉತ್ತರ: ಬಂದ ಪತ್ರಗಳಲ್ಲಿ ವಿಷಯದ ಬುಡಕ್ಕೇ ಕೈ ಹಾಕಿದ ಪ್ರಶ್ನೆ ನಿಮ್ಮದು. ಬಾಹ್ಯಾಕಾಶ ನಿಲ್ದಾಣದ ಸರಕು ಸಾಗಣೆಯಲ್ಲೂ ವಾಪಸು ಲೋಡಿನದೇ ಚಿಂತೆ. ರಷ್ಯಾದ ಪ್ರೋಗ್ರೆಸ್, ಅಮೆರಿಕದ ಸಿಗ್ನಸ್, ಜಪಾನಿನ ಎಚ್‌ಟಿವಿ-ಎಕ್ಸ್ ಎಲ್ಲವೂ ಹೋಗುವಾಗ ಊಟ, ನೀರು, ಉಪಕರಣಗಳನ್ನು ತುಂಬಿಕೊಂಡು ಹೋಗುತ್ತವೆ. ಬರುವಾಗ ನಿಲ್ದಾಣದ ಕಸವನ್ನು ತುಂಬಿಕೊಂಡು ವಾತಾವರಣದಲ್ಲಿ ಉರಿದು ಬೂದಿಯಾಗುತ್ತವೆ. ನಿಲ್ದಾಣದಿಂದ ಸಾಮಾನನ್ನು ದೊಡ್ಡ ಪ್ರಮಾಣದಲ್ಲಿ ಭೂಮಿಗೆ ಮರಳಿ ತರುತ್ತಿರುವುದು ಸ್ಪೇಸ್‌ಎಕ್ಸ್ ಕಂಪನಿಯ ಡ್ರ್ಯಾಗನ್ ಒಂದೇ. ಡ್ರೀಮ್ ಚೇಸರ್ ಸುಮಾರು 1,750 ಕಿಲೊ ಸರಕನ್ನು ಮರಳಿ ತರುವಂತೆ ವಿನ್ಯಾಸಗೊಂಡಿದೆ. ಕಸಕ್ಕೂ ಅದರಲ್ಲಿ ದಾರಿಯಿದೆ: ಹಿಂಬದಿಯ ಶೂಟಿಂಗ್ ಸ್ಟಾರ್ ಕೋಣೆಯಲ್ಲಿ ಕಸ ತುಂಬಿ, ಇಳಿಯುವ ಮೊದಲು ಅದನ್ನು ಕಳಚಿಬಿಡುತ್ತಾರೆ, ಅದು ಮೇಲೆಯೇ ಉರಿದುಹೋಗುತ್ತದೆ.

ಮರಳಿ ತರುವ ಸರಕು ಎಂದರೆ ಏನು ಎಂದು ನೀವು ಕೇಳಬಹುದು. ತೂಕವಿಲ್ಲದ ಸ್ಥಿತಿಯಲ್ಲಿ ಬೆಳೆಸಿದ ಪ್ರೋಟೀನ್ ಹರಳುಗಳು, ಜೀವಕೋಶಗಳ ಮಾದರಿಗಳು, ಗಗನಯಾತ್ರಿಗಳ ರಕ್ತದ ಮಾದರಿಗಳು, ಕೆಟ್ಟುಹೋಗಿ ಇಲ್ಲಿ ಬಿಚ್ಚಿ ನೋಡಬೇಕಾದ ಯಂತ್ರಭಾಗಗಳು ಮುಂತಾದವು. ಇವುಗಳಲ್ಲಿ ಕೆಲವನ್ನು ಶೂನ್ಯಕ್ಕಿಂತ 80 ಡಿಗ್ರಿ ಕೆಳಗಿನ ಶೀತಕದಲ್ಲಿ ಇಟ್ಟಿರುತ್ತಾರೆ. ಭೂಮಿಯ ಸೆಳೆತಕ್ಕೆ ಬಂದ ಕ್ಷಣದಿಂದಲೇ ಜೀವಂತ ಮಾದರಿಗಳು ಬದಲಾಗತೊಡಗುವುದರಿಂದ ವಿಜ್ಞಾನಿಗಳಿಗೆ ಬೇಕಾದದ್ದು ಎರಡು: ಇಳಿಯುವಾಗ ಹೆಚ್ಚು ಒತ್ತಡ ಬೀಳಬಾರದು, ಇಳಿದ ಮೇಲೆ ಬೇಗ ಕೈಗೆ ಸಿಗಬೇಕು. ಕ್ಯಾಪ್ಸೂಲ್ ಮಾದರಿಯ ನೌಕೆಗಳು ಇಳಿಯುವಾಗ ಒಳಗಿನ ಸಾಮಾನಿನ ಮೇಲೆ ಭೂಮಿಯ ಗುರುತ್ವದ ಮೂರು ನಾಲ್ಕು ಪಟ್ಟು ಒತ್ತಡ ಬೀಳುವುದು ಸಾಮಾನ್ಯ. ಡ್ರೀಮ್ ಚೇಸರ್‌ನಲ್ಲಿ ಅದು ಒಂದೂವರೆ ಪಟ್ಟನ್ನು ದಾಟದಂತೆ ನೋಡಿಕೊಳ್ಳುವುದು ಗುರಿ. ಡ್ರ್ಯಾಗನ್ ಸಮುದ್ರದಲ್ಲಿ ಇಳಿದ ಬಳಿಕ ಹಡಗು ಅದನ್ನು ಎತ್ತಿಕೊಳ್ಳಬೇಕು. ಅದು 2021ರಿಂದ 2025ರ ಆರಂಭದವರೆಗೆ ಫ್ಲಾರಿಡಾ ಕರಾವಳಿಯ ಬಳಿ ಇಳಿಯುತ್ತಿದ್ದಾಗಲೂ ಮಾದರಿಗಳು ಪ್ರಯೋಗಾಲಯ ಸೇರುವುದಕ್ಕೆ ನಾಲ್ಕರಿಂದ ಒಂಬತ್ತು ಗಂಟೆ ಹಿಡಿಯುತ್ತಿತ್ತು ಎಂಬುದು ನಾಸಾ ಕೊಟ್ಟ ಲೆಕ್ಕ. ರನ್‌ವೇ ಮೇಲೆ ಇಳಿದ ನೌಕೆಯ ಬಳಿಗಾದರೆ ವ್ಯಾನನ್ನು ನೇರವಾಗಿ ಒಯ್ದು ನಿಲ್ಲಿಸಬಹುದು. ಈ ಗಾಡಿಯ ನಿಜವಾದ ಬೆಲೆ ಇರುವುದು ವಾಪಸು ದಾರಿಯಲ್ಲಿ ಎಂಬುದು ನನ್ನ ಅಭಿಪ್ರಾಯ. ಹೋಗುವ ದಾರಿಯಲ್ಲಿ ಅದೂ ರಾಕೆಟ್ಟಿನ ಮೇಲೆ ಕುಳಿತ ಒಂದು ಸರಕು ಮಾತ್ರ.

ಇನ್ನು ಖರ್ಚಿನ ಮಾತು. ಮರುಬಳಕೆ ಎಂದಾಕ್ಷಣ ಅಗ್ಗ ಎಂದು ತಿಳಿಯುವುದು ಸರಿಯಲ್ಲ. ಇಲ್ಲಿ ಮತ್ತೆ ಬಳಕೆಗೆ ಬರುವುದು ನೌಕೆ ಮಾತ್ರ, ಅದನ್ನು ಕನಿಷ್ಠ 15 ಸಲ ಹಾರಿಸಬಹುದು ಎಂಬುದು ಕಂಪನಿಯ ವಿನ್ಯಾಸದ ಗುರಿ. ಮೇಲಕ್ಕೆತ್ತುವ ವಲ್ಕನ್ ರಾಕೆಟ್ ಒಂದೇ ಸಲದ್ದು, ಶೂಟಿಂಗ್ ಸ್ಟಾರ್ ಕೋಣೆಯೂ ಪ್ರತಿ ಸಲ ಹೊಸದು. ಷಟಲ್‌ನ ಇತಿಹಾಸ ಇನ್ನೂ ಕಟುವಾದ ಪಾಠ ಹೇಳುತ್ತದೆ. ವಾರಕ್ಕೊಂದು ಹಾರಾಟದ ಕನಸಿನೊಂದಿಗೆ ಆರಂಭವಾದ ಆ ಯೋಜನೆಯಲ್ಲಿ ಅತಿ ಹೆಚ್ಚು ಹಾರಾಟ ನಡೆದ 1985ರಲ್ಲೂ ಆದದ್ದು ಒಂಬತ್ತೇ. 1981ರಿಂದ 2011ರವರೆಗಿನ 135 ಹಾರಾಟಗಳಿಗೆ ಇಡೀ ಯೋಜನೆಯ ವೆಚ್ಚವನ್ನು ಹಂಚಿದರೆ ಒಂದೊಂದಕ್ಕೆ ಸುಮಾರು 150 ಕೋಟಿ ಡಾಲರ್ ಬೀಳುತ್ತದೆ. ನೌಕೆ ಮರಳಿ ಬರುತ್ತಿತ್ತು, ನಿಜ. ಆದರೆ ಬಂದ ನೌಕೆಯನ್ನು ಬಿಚ್ಚಿ, ತಿಕ್ಕಿ, ಪರೀಕ್ಷಿಸಿ ಮತ್ತೆ ನಿಲ್ಲಿಸುವುದಕ್ಕೆ ಸಾವಿರಾರು ಜನರ ತಿಂಗಳುಗಟ್ಟಲೆ ಕೂಲಿ ಬೇಕಾಗುತ್ತಿತ್ತು. ಎರಡು ಟ್ರಿಪ್ಪಿನ ನಡುವೆ ಗಾಡಿ ಎಷ್ಟು ದಿನ ಷೆಡ್ಡಿನಲ್ಲಿ ನಿಲ್ಲುತ್ತದೆ, ಅಲ್ಲಿ ಎಷ್ಟು ಖರ್ಚಾಗುತ್ತದೆ ಎಂಬುದೇ ಲಾಭನಷ್ಟವನ್ನು ಹೇಳುತ್ತದೆ ಎಂಬುದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಪ್ರಶ್ನೆ: ನಾನು ಉಕ್ಕು ಕಾರ್ಖಾನೆಯಲ್ಲಿ ಕುಲುಮೆಯ ಒಳಗೋಡೆಗೆ ಶಾಖ ತಡೆಯುವ ಇಟ್ಟಿಗೆ ಕಟ್ಟುವ ವಿಭಾಗದಲ್ಲಿದ್ದೇನೆ. ನೌಕೆಯ ಹೊರಮೈ 1,650 ಡಿಗ್ರಿಯವರೆಗೆ ಕಾಯುತ್ತದೆ ಎಂದು ಬರೆದಿದ್ದೀರಿ. ನಮ್ಮಲ್ಲಿ ಅಷ್ಟು ಶಾಖಕ್ಕೆ ಭಾರೀ ದಪ್ಪದ ಗೋಡೆ ಬೇಕು. ಹಾರುವ ವಸ್ತುವಿಗೆ ಅಂಥ ಭಾರವನ್ನು ಹೊರಿಸಲಾಗದು. ಹಾಗಾದರೆ ಅದು ಹೇಗೆ ತಡೆಯುತ್ತದೆ?
– ಓದುಗರು, ತೋರಣಗಲ್ಲು

ಉತ್ತರ: ಕರಗಿದ ಉಕ್ಕಿನ ಶಾಖವೂ ಸುಮಾರು 1,600 ಡಿಗ್ರಿ ಆಗಿರುವುದರಿಂದ ಅಂಕಿಯ ಮಟ್ಟಿಗೆ ಎರಡೂ ಒಂದೇ ಎಂದು ನಿಮಗೆ ಅನ್ನಿಸಿದ್ದು ಸಹಜ. ಆದರೆ ಎರಡು ಕಡೆಯ ಕಷ್ಟಗಳು ಬೇರೆ. ನಿಮ್ಮ ಇಟ್ಟಿಗೆ ತಿಂಗಳುಗಟ್ಟಲೆ ಉರಿಯಲ್ಲಿ ನಿಲ್ಲಬೇಕು, ಕರಗಿದ ಲೋಹ ಮತ್ತು ಕಿಟ್ಟದ ಉಜ್ಜಾಟವನ್ನೂ ರಾಸಾಯನಿಕ ಕೊರೆತವನ್ನೂ ತಾಳಬೇಕು, ಮೇಲಿನ ಭಾರವನ್ನು ಹೊರಬೇಕು. ಆದ್ದರಿಂದ ಅದು ಗಟ್ಟಿಯಾಗಿ, ತೂಕವಾಗಿ ಇರುತ್ತದೆ. ನೌಕೆಯ ಬಿಲ್ಲೆ ಕಡು ಶಾಖದಲ್ಲಿರುವುದು ಕೆಲವೇ ನಿಮಿಷಗಳು. ಅಷ್ಟು ಹೊತ್ತು ಹೊರಗಿನ ಉರಿ ಒಳಗಿನ ಮೈಗೆ ತಲುಪದಂತೆ ತಡವಾಗಿಸಿದರೆ ಅದರ ಕೆಲಸ ಮುಗಿಯಿತು.

ಷಟಲ್ ಕಾಲದ ಬಿಲ್ಲೆಯನ್ನೇ ಕೈಗೆ ತೆಗೆದುಕೊಂಡು ನೋಡೋಣ. ಅದು ಶುದ್ಧ ಸಿಲಿಕಾದ, ಅಂದರೆ ಮರಳಿನ ಮೂಲವಸ್ತುವಿನ, ಕೂದಲಿಗಿಂತ ಸಣ್ಣ ಎಳೆಗಳನ್ನು ಹೆಣೆದು ಬೇಯಿಸಿದ ಗಟ್ಟಿ. ಅದರ ಗಾತ್ರದಲ್ಲಿ ನೂರಕ್ಕೆ 94 ಪಾಲು ಖಾಲಿ ಜಾಗವೇ. ಒಂದು ಘನ ಮೀಟರ್‌ಗೆ ತೂಗುವುದು 144 ಕಿಲೊ ಮಾತ್ರ, ನೀರಿನ ಏಳನೆಯ ಒಂದು ಪಾಲು. ಒಲೆಯೊಳಗೆ ಕೆಂಪಗೆ ಕಾಯಿಸಿ ಹೊರತೆಗೆದ ಇಂಥ ಬಿಲ್ಲೆಯನ್ನು, ಅದರ ಒಡಲು ಇನ್ನೂ ಕೆಂಡದಂತೆ ಹೊಳೆಯುತ್ತಿರುವಾಗಲೇ, ಅಂಚುಗಳನ್ನು ಹಿಡಿದು ಬರಿಗೈಯಲ್ಲಿ ಎತ್ತಿ ತೋರಿಸುವುದು ನಾಸಾದಲ್ಲಿ ಪ್ರಸಿದ್ಧವಾದ ಪ್ರದರ್ಶನ. ಅಂಚು ಕ್ಷಣಗಳಲ್ಲಿ ತಣಿಯುತ್ತದೆ, ನಡುವಿನ ಶಾಖ ಅಂಚಿಗೆ ಹರಿದು ಬರುವುದಕ್ಕೆ ದಾರಿಯೇ ಸಾಲದು. ನಿಮ್ಮ ಇಟ್ಟಿಗೆಯಲ್ಲಿ ಹಾಗೆ ಮಾಡುವ ಸಾಹಸಕ್ಕೆ ದಯವಿಟ್ಟು ಕೈಹಾಕಬೇಡಿ.

ಷಟಲ್‌ಗೆ 24,000ಕ್ಕೂ ಹೆಚ್ಚು ಬಿಲ್ಲೆಗಳು ಬೇಕಾಗಿದ್ದವು, ಒಂದರ ಆಕಾರ ಇನ್ನೊಂದಕ್ಕಿಲ್ಲ. ಡ್ರೀಮ್ ಚೇಸರ್ ಚಿಕ್ಕದು, ಬಿಲ್ಲೆಗಳ ಅಳತೆಯೂ ದೊಡ್ಡದು. ಹಾಗಾಗಿ ಸುಮಾರು 2,000 ಬಿಲ್ಲೆಗಳಲ್ಲಿ ಕೆಲಸ ಮುಗಿಯುತ್ತದೆ. ಮೂತಿ ಮತ್ತು ರೆಕ್ಕೆಯ ಮುಂಚೂಣಿಯಂಥ ಅತಿ ಕಾಯುವ ಜಾಗಗಳಿಗೆ ನಾಸಾದ ಏಮ್ಸ್ ಕೇಂದ್ರ ರೂಪಿಸಿದ ‘ಟಫ್‌ರಾಕ್’ ಎಂಬ ಎರಡು ಪದರದ ಬಿಲ್ಲೆಯನ್ನು ಬಳಸಿದ್ದಾರೆ. ಹೊರಪದರ ಉರಿಯನ್ನು ತಾಳುತ್ತದೆ, ಒಳಪದರ ಅದನ್ನು ಒಳಗೆ ಬಿಡುವುದಿಲ್ಲ. ಅಮೆರಿಕದ ವಾಯುಪಡೆಗಾಗಿ ಬೋಯಿಂಗ್ ಕಟ್ಟಿದ ಎಕ್ಸ್-37ಬಿ ಎಂಬ ಇಂಥದೇ ಮಾನವರಹಿತ ನೌಕೆ 2010ರಿಂದ ಹಾರಿ ಇಳಿಯುತ್ತಿದೆ, ಅದರಲ್ಲಿಯೂ ಇದೇ ಬಿಲ್ಲೆ ಇದೆ.

ಇನ್ನೊಂದು ಗುಟ್ಟು ನೌಕೆಯ ಮೊಂಡು ಮೂತಿಯಲ್ಲಿದೆ. ಕಕ್ಷೆಯಲ್ಲಿ ಗಂಟೆಗೆ ಸುಮಾರು 28,000 ಕಿಲೊಮೀಟರ್ ವೇಗದಲ್ಲಿರುವ ನೌಕೆಯ ಪ್ರತಿಯೊಂದು ಕಿಲೊ ತೂಕದಲ್ಲೂ ಅಡಗಿರುವ ಚಲನಶಕ್ತಿ ಸುಮಾರು 3 ಕೋಟಿ ಜೂಲ್. ಅದಷ್ಟೂ ನೌಕೆಯ ಮೈಗೇ ಇಳಿದರೆ ಯಾವ ವಸ್ತುವೂ ಉಳಿಯದು. ಮೂತಿ ಚೂಪಾಗಿದ್ದರೆ ಬಿಸಿಗಾಳಿ ಮೈಗೆ ಅಂಟಿಕೊಂಡೇ ಹರಿಯುತ್ತದೆ. ಮೊಂಡಾಗಿದ್ದರೆ ಮುಂದಿನ ಗಾಳಿ ಒತ್ತರಿಸಿ ನಿಂತು, ಆಘಾತ ಅಲೆ, ಅಂದರೆ ಒತ್ತಿ ಬಿಸಿಯಾದ ಗಾಳಿಯ ಗೋಡೆ, ಮೈಯಿಂದ ತುಸು ದೂರದಲ್ಲೇ ಏರ್ಪಟ್ಟು, ಶಾಖದ ಬಹುಪಾಲು ಗಾಳಿಯ ಜೊತೆಗೇ ಬದಿಗೆ ಹರಿದುಹೋಗುತ್ತದೆ. ಇದನ್ನು 1950ರ ದಶಕದಲ್ಲಿ ತೋರಿಸಿಕೊಟ್ಟವರು ಅಮೆರಿಕದ ಎಚ್. ಜೂಲಿಯನ್ ಆಲೆನ್. ಅಲ್ಲಿಯವರೆಗೆ ಚೂಪು ಮೂತಿಯೇ ಒಳ್ಳೆಯದು ಎಂದು ನಂಬಿದ್ದರು.

ಬಿಲ್ಲೆಗಳ ದೌರ್ಬಲ್ಯವೆಂದರೆ ಅವು ಪೆಟ್ಟು ತಾಳುವುದಿಲ್ಲ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಬಲಿ ತೆಗೆದುಕೊಂಡ ಕೊಲಂಬಿಯಾ ದುರಂತದಲ್ಲಿ ಏಟು ಬಿದ್ದದ್ದು ಬಿಲ್ಲೆಗಲ್ಲ, ಎಡರೆಕ್ಕೆಯ ಮುಂಚೂಣಿಯ ಇಂಗಾಲದ ಫಲಕಕ್ಕೆ. ಏರುವಾಗ ಇಂಧನದ ಟ್ಯಾಂಕಿನ ಹೊದಿಕೆಯಿಂದ ಕಳಚಿದ ಗಟ್ಟಿ ನೊರೆಯ (ಫೋಮ್) ತುಂಡು ಬಡಿದು ಅಲ್ಲಿ ತೂತಾಗಿತ್ತು. ಡ್ರೀಮ್ ಚೇಸರ್ ಏರುವಾಗ ಕವಚದೊಳಗೇ ಇರುವುದರಿಂದ ಅಂಥ ಅಪಾಯ ಬಹುಮಟ್ಟಿಗೆ ತಪ್ಪಿದಂತೆ.

ಪ್ರಶ್ನೆ: ಚಿತ್ರದಲ್ಲಿ ನೋಡಿದರೆ ನೌಕೆಯ ರೆಕ್ಕೆಗಳು ಮೊಟಕಾಗಿ ಮೇಲಕ್ಕೆ ಬಾಗಿವೆ. ಅಷ್ಟರಲ್ಲಿ ಅದು ತೇಲಲು ಸಾಧ್ಯವೇ? ಈ ವಿಚಿತ್ರ ಆಕಾರವನ್ನು ಯಾರು ಕಂಡುಹಿಡಿದರು? ಮಕ್ಕಳಿಗೆ ಹೇಳಲು ಕೇಳುತ್ತಿದ್ದೇನೆ.
– ಪ್ರೌಢಶಾಲಾ ಶಿಕ್ಷಕರು, ರಾಯಚೂರು

ಉತ್ತರ: ಈ ಬಗೆಯ ನೌಕೆಗಳಲ್ಲಿ ಎತ್ತುವ ಬಲ ಹೆಚ್ಚಾಗಿ ಬರುವುದು ಒಡಲಿನಿಂದಲೇ. ತಳ ಚಪ್ಪಟೆ, ಬೆನ್ನು ಉಬ್ಬು. ಮೂತಿಯನ್ನು ತುಸು ಮೇಲಕ್ಕೆತ್ತಿ ಬಂದಾಗ ಇಡೀ ಹೊಟ್ಟೆಯೇ ರೆಕ್ಕೆಯ ಕೆಲಸ ಮಾಡುತ್ತದೆ. ಬದಿಯ ಮೊಟಕು ರೆಕ್ಕೆಗಳು ದಿಕ್ಕು ಹಿಡಿದಿಡುವುದಕ್ಕೂ ವಾಲುವುದಕ್ಕೂ ನೆರವಾಗುತ್ತವೆ. ಉದ್ದ ರೆಕ್ಕೆ ಇದ್ದಿದ್ದರೆ ಅದರ ತೆಳು ಅಂಚನ್ನು ಉರಿಯಿಂದ ಕಾಪಾಡುವುದೇ ಕಷ್ಟವಾಗುತ್ತಿತ್ತು. ಇಂಥ ಒಡಲು ಹದ್ದಿನಂತೆ ತೇಲುವುದಿಲ್ಲ, ಕಡಿದಾಗಿ ಇಳಿಯುತ್ತದೆ. ವಿಮಾನದಂತೆ ಗಾಳಿಯಲ್ಲಿ ನೂಕುವ ಎಂಜಿನ್ ಇಲ್ಲದ್ದರಿಂದ ರನ್‌ವೇ ತಪ್ಪಿದರೆ ಮತ್ತೊಂದು ಸುತ್ತು ಹಾಕಿ ಬರುವ ಅವಕಾಶವೂ ಇಲ್ಲ.

ಆಕಾರದ ವಂಶಾವಳಿ ಮಕ್ಕಳಿಗೆ ಖಂಡಿತ ಇಷ್ಟವಾಗುತ್ತದೆ. 1982ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟ ಬೋರ್-4 ಎಂಬ ಮಾನವರಹಿತ ಮಾದರಿಯನ್ನು ಕಾಸ್ಮೋಸ್-1374 ಎಂಬ ಹೆಸರಿನಲ್ಲಿ ಹಾರಿಸಿ ಹಿಂದೂ ಮಹಾಸಾಗರದಲ್ಲಿ ಇಳಿಸಿತು. ಅವರ ಹಡಗುಗಳು ಅದನ್ನು ನೀರಿನಿಂದ ಎತ್ತುತ್ತಿರುವಾಗ ಆಸ್ಟ್ರೇಲಿಯಾದ ವಾಯುಪಡೆಯ ಗಸ್ತು ವಿಮಾನ ಮೇಲೆ ಸುತ್ತಿ ಫೋಟೊ ತೆಗೆಯಿತು. ಮರುವರ್ಷದ ಮಾರ್ಚ್‌ನಲ್ಲೂ ಅದೇ ನಡೆಯಿತು. ಆ ಚಿತ್ರಗಳನ್ನು ಮುಂದಿಟ್ಟುಕೊಂಡು ನಾಸಾದ ಲ್ಯಾಂಗ್ಲಿ ಕೇಂದ್ರದವರು ಆಕಾರವನ್ನು ಅಳೆದು, ಗಾಳಿಸುರಂಗದಲ್ಲಿ ಪರೀಕ್ಷಿಸಿ, ಎಚ್‌ಎಲ್-20 ಎಂಬ ವಿನ್ಯಾಸವನ್ನು ರೂಪಿಸಿದರು. 1990ರಲ್ಲಿ ಅದರ ಪೂರ್ಣಗಾತ್ರದ ಮಾದರಿಯನ್ನು ಕಟ್ಟಿದವರು ನಾರ್ತ್ ಕ್ಯಾರೊಲಿನಾದ ಎರಡು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು. ನಾಸಾ ಆ ಯೋಜನೆಯನ್ನು ಕೈಬಿಟ್ಟ ಮೇಲೆ, 2004ರಲ್ಲಿ ಸ್ಪೇಸ್‌ಡೆವ್ ಎಂಬ ಕಂಪನಿ ಡ್ರೀಮ್ ಚೇಸರ್ ಹೆಸರನ್ನು ಮುಂದಿಟ್ಟಿತು. 2008ರಲ್ಲಿ ಆ ಕಂಪನಿಯನ್ನು ಸಿಯೆರಾ ನೆವಾಡ ಕೊಂಡಿತು, 2021ರಲ್ಲಿ ಬಾಹ್ಯಾಕಾಶದ ವಿಭಾಗ ಸಿಯೆರಾ ಸ್ಪೇಸ್ ಎಂದು ಬೇರೆಯಾಯಿತು. ಶೀತಲ ಸಮರದ ಒಂದು ಬೇಹುಗಾರಿಕೆಯ ಫೋಟೊದಿಂದ ಸರಕು ಸಾಗಣೆಯ ಗುತ್ತಿಗೆಯವರೆಗೆ ಬಂದ ಆಕಾರ ಇದು.

ಪ್ರಶ್ನೆ: ಅದರ ಥ್ರಸ್ಟರ್‌ಗಳಲ್ಲಿ, ಅಂದರೆ ಕಕ್ಷೆಯಲ್ಲಿ ನೌಕೆಯನ್ನು ನೂಕುವ ಚಿಕ್ಕ ರಾಕೆಟ್‌ಗಳಲ್ಲಿ, ಸೀಮೆಎಣ್ಣೆ ಬಳಸುತ್ತಾರಂತೆ, ನಿಜವೇ?
– ಓದುಗರು, ಸಿಂಧನೂರು

ಉತ್ತರ: ನಿಜ. ರಾಕೆಟ್ ದರ್ಜೆಗೆ ಶುದ್ಧಗೊಳಿಸಿದ ಸೀಮೆಎಣ್ಣೆ, ಜೊತೆಗೆ ಆಮ್ಲಜನಕ ಒದಗಿಸಲು ಸಾಂದ್ರ ಹೈಡ್ರೋಜನ್ ಪೆರಾಕ್ಸೈಡ್. ಔಷಧದಂಗಡಿಯಲ್ಲಿ ಗಾಯ ತೊಳೆಯಲು ಸಿಗುವ ಪೆರಾಕ್ಸೈಡ್ ಇದರ ತೀರ ನೀರಾದ ರೂಪ. ಬೇರೆ ನೌಕೆಗಳು ಬಳಸುವ ಹೈಡ್ರಝೀನ್ ಜಾತಿಯ ಇಂಧನಗಳು ಕಡು ವಿಷ; ಅವುಗಳ ಆವಿ ಸೋರಿಲ್ಲವೆಂದು ಖಾತ್ರಿಯಾಗುವವರೆಗೆ ಇಳಿದ ನೌಕೆಯ ಹತ್ತಿರ ಯಾರನ್ನೂ ಬಿಡುವುದಿಲ್ಲ. ಇಲ್ಲಿ ಆ ಕಾಯುವಿಕೆ ಬಹಳಷ್ಟು ತಪ್ಪುತ್ತದೆ.

ಪ್ರಶ್ನೆ: ಯಾವ ವಿಮಾನ ನಿಲ್ದಾಣದಲ್ಲಾದರೂ ಇಳಿಯಬಹುದು ಎನ್ನುತ್ತಾರೆ. ನಮ್ಮ ಭಾಗದಲ್ಲಿ?
– ಓದುಗರು, ಸಿರುಗುಪ್ಪ

ಉತ್ತರ: ರನ್‌ವೇ ಉದ್ದವಾಗಿದ್ದರಷ್ಟೇ ಸಾಲದು, ಬಾಹ್ಯಾಕಾಶದಿಂದ ಇಳಿಯುವ ವಾಹನಕ್ಕೆ ಆ ದೇಶದ ಸರ್ಕಾರದ ಪರವಾನಗಿ ಬೇಕು, ಇಳಿಯುವ ದಾರಿಯ ಕೆಳಗಿರುವ ಊರುಗಳಿಗೆ ಅಪಾಯ ಎಷ್ಟು ಎಂಬ ಲೆಕ್ಕ ಬೇಕು. ಅಮೆರಿಕದಲ್ಲೇ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ ವಿಮಾನ ನಿಲ್ದಾಣ ಇಂಥ ಪರವಾನಗಿಯನ್ನು 2022ರಲ್ಲಿ ಪಡೆದಿದೆ. ಕೆನಡಿ ಕೇಂದ್ರದಲ್ಲಿ ಷಟಲ್‌ಗಾಗಿ ಕಟ್ಟಿದ್ದ ರನ್‌ವೇ 4,572 ಮೀಟರ್ ಉದ್ದ. ನಮ್ಮ ಭಾಗದ ಜನ ಮೊದಲು ದಿನನಿತ್ಯದ ವಿಮಾನಗಳೇ ಬರಲಿ ಎಂದು ಕಾಯುತ್ತಿದ್ದಾರೆ, ಅದು ಆದ ಮೇಲೆ ಈ ಮಾತು.

ಪ್ರಶ್ನೆ: ಬಳ್ಳಾರಿಯಿಂದ ಬೆಂಗಳೂರಿಗೆ ಹೋಗುವಾಗ ಚಳ್ಳಕೆರೆ ದಾಟುತ್ತೇವೆ. ಅಲ್ಲೇ ಹತ್ತಿರದಲ್ಲಿ ಇಸ್ರೊದವರೂ ಇಂಥ ವಿಮಾನವನ್ನು ಇಳಿಸಿದರು ಎಂದು ಓದಿದ ನೆನಪು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ? ನಾವು ಎಷ್ಟು ಹಿಂದೆ ಇದ್ದೇವೆ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಬಳ್ಳಾರಿ

ಉತ್ತರ: ನಿಮ್ಮ ನೆನಪು ಸರಿಯಾಗಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಹುಲ್ಲುಗಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. 2023ರ ಏಪ್ರಿಲ್ 2ರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೊದ ರೆಕ್ಕೆಯ ವಾಹನವನ್ನು ಕೆಳಗೆ ತೂಗುಹಾಕಿಕೊಂಡು ಮೇಲೇರಿತು. ನಾಲ್ಕೂವರೆ ಕಿಲೊಮೀಟರ್ ಎತ್ತರದಲ್ಲಿ, ರನ್‌ವೇಯಿಂದ ಸುಮಾರು 4.6 ಕಿಲೊಮೀಟರ್ ದೂರದಲ್ಲಿ ಅದನ್ನು ಬಿಟ್ಟುಬಿಟ್ಟಿತು. ಅಲ್ಲಿಂದ ಮುಂದೆ ಮನುಷ್ಯರ ಕೈ ಇಲ್ಲ. ವಾಹನ ತಾನಾಗಿಯೇ ದಾರಿ ಹಿಡಿದು 7 ಗಂಟೆ 40 ನಿಮಿಷಕ್ಕೆ ರನ್‌ವೇ ಮುಟ್ಟಿತು.

ಸುಲಭದ ಪಾಠ ಮುಗಿದ ಮೇಲೆ ಬೇಕೆಂದೇ ಕಷ್ಟ ಹೆಚ್ಚಿಸಿದರು. 2024ರ ಮಾರ್ಚ್ 22ರಂದು ‘ಪುಷ್ಪಕ್’ ಎಂಬ ಹೆಸರಿನ ವಾಹನವನ್ನು ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಅದೇ ವರ್ಷ ಜೂನ್ 23ರಂದು 500 ಮೀಟರ್ ಪಕ್ಕಕ್ಕೆ, ಅದೂ ಜೋರು ಗಾಳಿಯಲ್ಲಿ. ಎರಡು ಸಲವೂ ವಾಹನ ತಾನೇ ವಾಲಿ, ತಿದ್ದಿಕೊಂಡು, ರನ್‌ವೇಯ ನಡುಗೆರೆಗೆ ಬಂದಿತು. ಮೂರನೆಯ ಸಲ ಬಳಸಿದ್ದು ಎರಡನೆಯ ಸಲ ಇಳಿದ ಅದೇ ಒಡಲು, ಅವೇ ಉಪಕರಣಗಳು. ಮರುಬಳಕೆಯ ಮೊದಲ ಹೆಜ್ಜೆ ಎಂದರೆ ಇದೇ. ನೆಲ ಮುಟ್ಟುವಾಗಿನ ವೇಗ ಗಂಟೆಗೆ 320 ಕಿಲೊಮೀಟರ್ ಮೀರಿತ್ತು, ಪ್ರಯಾಣಿಕ ವಿಮಾನದಲ್ಲಿ ಅದು ಸುಮಾರು 260. ಹಿಂದಿನಿಂದ ಬಿಚ್ಚಿಕೊಂಡ ಪ್ಯಾರಾಚೂಟ್ ವೇಗವನ್ನು 100ರ ಹತ್ತಿರಕ್ಕೆ ಇಳಿಸಿದ ಮೇಲೆ ಗಾಲಿಗಳ ಬ್ರೇಕು ಹಿಡಿಯಿತು. ಇದಕ್ಕೂ ಮೊದಲು, 2016ರ ಮೇ 23ರಂದು, ಶ್ರೀಹರಿಕೋಟಾದಿಂದ ಹಾರಿದ ಆರೂವರೆ ಮೀಟರ್ ಉದ್ದದ ಮಾದರಿ 65 ಕಿಲೊಮೀಟರ್ ಎತ್ತರಕ್ಕೆ ಹೋಗಿ, ಶಬ್ದದ ಐದು ಪಟ್ಟು ವೇಗದಲ್ಲಿ ಮರಳಿ, 450 ಕಿಲೊಮೀಟರ್ ದೂರದಲ್ಲಿ ಬಂಗಾಳ ಕೊಲ್ಲಿಗೆ ಇಳಿದಿತ್ತು.

ಎರಡು ಯೋಜನೆಗಳಿಗೆ ನೇರ ಸಂಬಂಧವಿಲ್ಲ, ಆದರೆ ನಡೆದ ದಾರಿ ಒಂದೇ. ಡ್ರೀಮ್ ಚೇಸರ್‌ನ ಪರೀಕ್ಷಾ ಮಾದರಿಯನ್ನೂ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ನೆಲೆಯಲ್ಲಿ ಹೆಲಿಕಾಪ್ಟರಿನಿಂದಲೇ ಬಿಟ್ಟರು. 2013ರ ಅಕ್ಟೋಬರ್ 26ರಂದು ಅದು ರನ್‌ವೇವರೆಗೆ ಸರಿಯಾಗಿಯೇ ಬಂತು. ಕೊನೆಗೆ ಎಡಗಾಲಿ ಕೆಳಗಿಳಿಯದೆ, ಉರುಳಿ ಪಕ್ಕಕ್ಕೆ ಜಾರಿತು. ಆ ಮಾದರಿಗೆ ಹಾಕಿದ್ದ ಗಾಲಿ ಚೌಕಟ್ಟು ಎಫ್-5 ಯುದ್ಧವಿಮಾನದ್ದಾಗಿತ್ತು, ಕಕ್ಷೆಗೆ ಹೋಗುವ ನೌಕೆಗೆ ಹಾಕುವಂಥದ್ದಲ್ಲ. 2017ರ ನವೆಂಬರ್ 11ರಂದು ಚಿನೂಕ್ ಜಾತಿಯ ಹೆಲಿಕಾಪ್ಟರಿನಿಂದ ಬಿಟ್ಟಾಗ ಸುಮಾರು ಒಂದು ನಿಮಿಷದಲ್ಲಿ ಚೆನ್ನಾಗಿ ಇಳಿಯಿತು. ಮುಂದಿನ ಚಕ್ರದ ಬದಲು ಅದರಲ್ಲಿ ನೆಲಕ್ಕೆ ಉಜ್ಜಿಕೊಂಡು ಜಾರುವ ಪಟ್ಟಿ ಇದೆ ಎಂಬುದು ಗಮನಿಸಬೇಕಾದ ಸಂಗತಿ: ಚಕ್ರಕ್ಕಿಂತ ತೂಕ ಕಡಿಮೆ, ಜಾಗವೂ ಕಡಿಮೆ.

ಹಿಂದೆ ಇದ್ದೇವೆಯೇ ಎಂಬುದಕ್ಕೆ ನೇರ ಉತ್ತರ: ಹೌದು. ಕಕ್ಷೆಯ ವೇಗದಿಂದ ರೆಕ್ಕೆಯ ವಾಹನವನ್ನು ಮರಳಿ ತರುವ ಪರೀಕ್ಷೆಯನ್ನು ಇಸ್ರೊ ಇನ್ನು ಮಾಡಬೇಕಾಗಿದೆ. ಶಬ್ದದ ಐದು ಪಟ್ಟು ವೇಗಕ್ಕೂ ಇಪ್ಪತ್ತೈದು ಪಟ್ಟಿಗೂ ನಡುವೆ ವೇಗದಲ್ಲಿ ಐದು ಪಟ್ಟು ಅಂತರವಾದರೆ ತಡೆಯಬೇಕಾದ ಶಕ್ತಿಯಲ್ಲಿ ಇಪ್ಪತ್ತೈದು ಪಟ್ಟು. ಆದರೆ ಕೊನೆಯ ನಾಲ್ಕು ಕಿಲೊಮೀಟರಿನ ಪಾಠವನ್ನು ನಮ್ಮ ಪಕ್ಕದ ಜಿಲ್ಲೆಯಲ್ಲಿ ಮೂರಕ್ಕೆ ಮೂರು ಸಲ ಒಪ್ಪಿಸಿದ್ದಾರೆ. 2035ರ ಹೊತ್ತಿಗೆ ಭಾರತೀಯ ಅಂತರಿಕ್ಷ ನಿಲ್ದಾಣವನ್ನು ಪೂರ್ಣಗೊಳಿಸುವ ಗುರಿ ಇರುವುದರಿಂದ ನಮಗೂ ವಾಪಸು ಲೋಡಿನ ಪ್ರಶ್ನೆ ಬಂದೇ ಬರುತ್ತದೆ.

ಪ್ರಶ್ನೆ: ಡ್ರೀಮ್ ಚೇಸರ್‌ಗೆ ನಾಸಾದ ಸರಕು ಸಾಗಣೆಯ ಗುತ್ತಿಗೆ ಸಿಕ್ಕಿದ್ದು 2016ರಲ್ಲಿ, ಹತ್ತು ವರ್ಷವಾದರೂ ಹಾರಿಲ್ಲ. ಇಷ್ಟು ತಡವೇಕೆ? ಹಾರುವ ಹೊತ್ತಿಗೆ ಬಾಹ್ಯಾಕಾಶ ನಿಲ್ದಾಣವೇ ಇಲ್ಲದಿದ್ದರೆ ಇದರ ಗತಿ ಏನು? ಮೊದಲ ಹಾರಾಟದಲ್ಲಿ ನಾವು ಏನನ್ನು ಗಮನಿಸಬೇಕು?
– ಎಂಜಿನಿಯರಿಂಗ್ ವಿದ್ಯಾರ್ಥಿ, ಕೊಪ್ಪಳ

ಉತ್ತರ: ತಡಕ್ಕೆ ಕಾರಣ ಒಂದಲ್ಲ. ಮೂಲದಲ್ಲಿ ಇದು ಗಗನಯಾತ್ರಿಗಳನ್ನು ಒಯ್ಯುವ ನೌಕೆಯಾಗಬೇಕಿತ್ತು. 2012ರಲ್ಲಿ ಅದಕ್ಕಾಗಿಯೇ ನಾಸಾ 21 ಕೋಟಿ 25 ಲಕ್ಷ ಡಾಲರ್ ಕೊಟ್ಟಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಆ ಗುತ್ತಿಗೆ ಬೋಯಿಂಗ್ ಮತ್ತು ಸ್ಪೇಸ್‌ಎಕ್ಸ್ ಪಾಲಾಯಿತು. ಕಂಪನಿ ಹೂಡಿದ ತಕರಾರು 2015ರ ಜನವರಿಯಲ್ಲಿ ಬಿದ್ದುಹೋಯಿತು. ಬಳಿಕ ಅದೇ ಆಕಾರವನ್ನು ಸರಕಿಗೆ ಹೊಂದಿಸಿ, 2016ರ ಜನವರಿಯಲ್ಲಿ ಸ್ಪೇಸ್‌ಎಕ್ಸ್ ಮತ್ತು ಆರ್ಬಿಟಲ್ ಎಟಿಕೆ ಕಂಪನಿಗಳ ಜೊತೆಗೆ ತಲಾ ಕನಿಷ್ಠ ಆರು ಸಾಗಣೆಗಳ ಗುತ್ತಿಗೆ ಪಡೆದರು. ಒಯ್ಯಬೇಕಾದ ವಲ್ಕನ್ ರಾಕೆಟ್ಟೇ 2024ರ ಜನವರಿ 8ರವರೆಗೆ ಹಾರಲಿಲ್ಲ. ಅದರ ಎರಡನೆಯ ಹಾರಾಟದಲ್ಲಿ ಟೆನಾಸಿಟಿ ಹೋಗಬೇಕಿತ್ತು, ಆಗ ನೌಕೆ ಸಿದ್ಧವಿರಲಿಲ್ಲ. 2024ರ ಅಕ್ಟೋಬರ್ 4ರಂದು ರಾಕೆಟ್ ಅದರ ಜಾಗದಲ್ಲಿ ಬರಿಯ ತೂಕದ ಗಟ್ಟಿಯನ್ನು ಹೊತ್ತು ಹೋಯಿತು. ಗಾಡಿ ಬಂದು ಬಾಗಿಲಲ್ಲಿ ನಿಂತಾಗ ಮದುಮಗ ಸಿದ್ಧವಿಲ್ಲ ಎನ್ನುವಂಥ ಸ್ಥಿತಿ ಯಾವ ಕಂಪನಿಗೂ ಮುಜುಗರವೇ.

ನಿಲ್ದಾಣದ ಬಗ್ಗೆ ನಿಮ್ಮ ಅನುಮಾನ ನ್ಯಾಯವಾದದ್ದು. 2030ರ ಬಳಿಕ ಅದನ್ನು ಕೆಳಗಿಳಿಸಿ ಸಾಗರದಲ್ಲಿ ಮುಳುಗಿಸುವ ನೌಕೆಗಾಗಿ ನಾಸಾ 2024ರ ಜೂನ್‌ನಲ್ಲೇ ಸ್ಪೇಸ್‌ಎಕ್ಸ್‌ಗೆ ಗುತ್ತಿಗೆ ಕೊಟ್ಟಾಗಿದೆ. ತಿದ್ದಿದ ಒಪ್ಪಂದದಲ್ಲಿ ಇಂತಿಷ್ಟು ಸಾಗಣೆಗಳನ್ನು ಕೊಳ್ಳಲೇಬೇಕೆಂಬ ಕಟ್ಟುಪಾಡಿನಿಂದ ನಾಸಾ ಬಿಡಿಸಿಕೊಂಡಿದೆ. ಮೊದಲ ಹಾರಾಟ ನೋಡಿ ಮುಂದಿನ ಮಾತು. ಕಂಪನಿ ಈಗ ರಕ್ಷಣಾ ಇಲಾಖೆಯ ಕೆಲಸಗಳತ್ತಲೂ ಖಾಸಗಿ ನಿಲ್ದಾಣಗಳತ್ತಲೂ ನೋಡುತ್ತಿದೆ. ನಿಲ್ದಾಣವಿಲ್ಲದೆಯೂ, ಪ್ರಯೋಗಗಳನ್ನು ತನ್ನೊಳಗೇ ಹೊತ್ತು ಕೆಲಕಾಲ ಸುತ್ತಿ ಇಳಿಯುವ ಬಳಕೆ ಸಾಧ್ಯವಿದೆ, ಆದರೆ ಅದಕ್ಕೆ ದುಡ್ಡು ಕೊಡುವ ಗಿರಾಕಿಗಳು ಎಷ್ಟು ಎಂಬುದರ ಮೇಲೆ ಎಲ್ಲವೂ ನಿಂತಿದೆ. ನನ್ನ ಎಣಿಕೆಯಲ್ಲಿ ಈ ನೌಕೆಯ ತಂತ್ರಜ್ಞಾನಕ್ಕಿಂತ ಅದರ ವ್ಯಾಪಾರವೇ ಹೆಚ್ಚು ಅನಿಶ್ಚಿತ.

ಹಾರಾಟದ ದಿನ ಟಿವಿಯವರು ಉಡಾವಣೆಯ ಬೆಂಕಿಯನ್ನೇ ಹೆಚ್ಚು ತೋರಿಸುತ್ತಾರೆ. ನೀವು ಗಮನಿಸಬೇಕಾದದ್ದು ಮೊದಲಿಗೆ, ಕವಚ ತೆರೆದು ರಾಕೆಟ್ಟಿನಿಂದ ಬೇರೆಯಾದ ಮೇಲೆ ಮಡಚಿದ ರೆಕ್ಕೆಗಳು ಬಿಚ್ಚಿ ಬಿಗಿಯಾಗಿ ಕೂತವೇ ಎಂಬುದು, ಏಕೆಂದರೆ ಅಲ್ಲಿ ಸಂದುಗಳಲ್ಲಿ ಬಿರುಕು ಉಳಿದರೆ ಮರಳುವಾಗ ಉರಿಗೆ ದಾರಿಯಾಗುತ್ತದೆ. ಆಮೇಲೆ ಥ್ರಸ್ಟರ್‌ಗಳಿಂದ ವೇಗ ತಗ್ಗಿಸುವುದು, ಶೂಟಿಂಗ್ ಸ್ಟಾರ್ ಕೋಣೆ ಸರಿಯಾಗಿ ಕಳಚಿಕೊಳ್ಳುವುದು, ವಾತಾವರಣದಲ್ಲಿ ಬಲಕ್ಕೆ ಎಡಕ್ಕೆ ವಾಲುತ್ತ ವೇಗವನ್ನು ಕರಗಿಸಿಕೊಂಡು ರನ್‌ವೇಯ ನೇರಕ್ಕೆ ಬರುವುದು. ಇಷ್ಟೆಲ್ಲ ಸರಿಹೋದರೂ ಎಂಜಿನಿಯರುಗಳಿಗೆ ಅರ್ಧ ಉತ್ತರ ಸಿಕ್ಕಂತೆ ಮಾತ್ರ. ಇಳಿದ ನೌಕೆಯ ಎರಡು ಸಾವಿರ ಬಿಲ್ಲೆಗಳಲ್ಲಿ ಎಷ್ಟನ್ನು ಕಿತ್ತು ಬದಲಿಸಬೇಕಾಯಿತು, ಅದೇ ಟೆನಾಸಿಟಿ ಮತ್ತೆ ಉಡಾವಣೆಗೆ ಸಿದ್ಧವಾಗಲು ಎಷ್ಟು ತಿಂಗಳು ಹಿಡಿಯಿತು ಎಂಬ ಎರಡು ಅಂಕಿಗಳು ಹಾರಾಟ ಮುಗಿದು ಬಹಳ ದಿನಗಳಾದ ಮೇಲೆ, ಯಾವುದೋ ಒಳಪುಟದ ಸುದ್ದಿಯಾಗಿ ಬರುತ್ತವೆ. ಗಂಗಾವತಿಯ ಓದುಗರು ಕೇಳಿದ ಖರ್ಚಿನ ಪ್ರಶ್ನೆಗೆ ಆಗ ಲೆಕ್ಕ ಹಾಕಿ ಉತ್ತರ ಕೊಡಬಹುದು.